ಅಡುಗೆಮನೆ ಬಾಗಿಲಿನ ಪಟ್ಟಿ

ಶಿವಮೊಗ್ಗ
12-1-1998, ಸೋಮವಾರ

ಮಾವನವರಿಗೆ ತನುಜಾಳ ನಮಸ್ಕಾರಗಳು.

ನಿನ್ನೆ ನೀವು ಸ್ಫೂರ್ತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದದ್ದನ್ನು ವಾರ್ಡಿನ ಕಿಟಕಿಯಿಂದ ನೋಡಿದೆ. ಅವಳು ತಿರುಗಿ ನೋಡಲಿಲ್ಲ. ನಿಮ್ಮ ಎರಡೂ ಕಿವಿ ಹಿಡಿದುಕೊಂಡು ನಗುತ್ತಿದ್ದಳು. ಒಳ್ಳೆಯದೇ ಆಯಿತು.

ಇವತ್ತು ಮೊದಲ ಇಂಜೆಕ್ಷನ್ ಕೊಟ್ಟರು. ದಿನಕ್ಕೊಂದರಂತೆ ಅರವತ್ತು. ನಡುವೆ ಒಂದು ದಿನವೂ ತಪ್ಪಬಾರದಂತೆ. ಹೋದ ಸಲ ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ಬಿಟ್ಟದ್ದಕ್ಕೇ ಈ ಕ್ಷಯ ಮತ್ತೆ ಹಿಡಿದಿದೆ ಎಂದು ಡಾಕ್ಟರ್ ಬೈದರು. ಸ್ಫೂರ್ತಿಯ ಅಪ್ಪ ಮಾಡಿದ್ದೂ ಅದೇ ತಪ್ಪು. ಅವರು ಹೋಗಿ ಈಗ ಎರಡು ವರ್ಷ. ಮಗುವಿಗೆ ನಾನೊಬ್ಬಳಾದರೂ ಉಳಿಯಬೇಕು. ಆದ್ದರಿಂದ ಮಾರ್ಚ್ ಹನ್ನೆರಡರವರೆಗೆ ನಾನು ಈ ಮಂಚ ಬಿಟ್ಟು ಕದಲುವುದಿಲ್ಲ.

ನೀವು ನೋಡಲು ಬರಬೇಡಿ. ನನ್ನ ಕೆಮ್ಮು ನಿಮ್ಮ ಬಟ್ಟೆಯಲ್ಲಿ ಅವಳ ಹತ್ತಿರ ಹೋಗುವುದು ಬೇಡ. ಮಗುವನ್ನು ಬಿಟ್ಟುಬರಲು ನಿಮಗಾದರೂ ಯಾರಿದ್ದಾರೆ? ಕಾಗದ ಬರೆಯಿರಿ, ಸಾಕು.

ಏಳು ವರ್ಷ ಮಲವಗೊಪ್ಪದ ಅಂಗನವಾಡಿ ಗೋಡೆಗೆ ವಾರದ ಪಟ್ಟಿ ಅಂಟಿಸಿದವಳು ನಾನು. ನಿಮಗೂ ಒಂದು ಬರೆಯುತ್ತೇನೆ. ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಳ್ಳಿ.

ದಿನಾ ಬೆಳಗ್ಗೆ ರಾಗಿ ಸರಿ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಆಮೇಲೆ ಒಲೆಗಿಡಿ, ಬಿಸಿನೀರಿಗೆ ಸುರಿದರೆ ಗಂಟಾಗುತ್ತದೆ. ಸೋಮವಾರ, ಗುರುವಾರ ಬಟ್ಟೆ ಒಗೆಯುವುದು. ಅವಳ ಬಟ್ಟೆಯನ್ನು ನಿಮ್ಮದರ ಜೊತೆ ನೆನೆಸಬೇಡಿ, ನಿಮ್ಮ ಬನಿಯನ್ನಿನ ಬಣ್ಣ ನನಗೆ ಗೊತ್ತು. ಮಂಗಳವಾರ ಹಾಸಿಗೆ ಬಿಸಿಲಿಗೆ ಹಾಕಿ. ಬುಧವಾರ ಸೊಸೈಟಿಯಲ್ಲಿ ಸೀಮೆಎಣ್ಣೆ ಕೊಡುತ್ತಾರೆ, ಸಾಲಿನಲ್ಲಿ ಅವಳನ್ನು ಕೆಳಗೆ ಬಿಡಬೇಡಿ. ಶುಕ್ರವಾರ ಎಣ್ಣೆ ಸ್ನಾನ, ಸೋಪು ಬೇಡ, ಕಡಲೆಹಿಟ್ಟು. ಭಾನುವಾರ ಉಗುರು ಕತ್ತರಿಸಿ, ಗಿರಣಿಗೆ ಹೋಗಿ ರಾಗಿ ಬೀಸಿಸಿ. ಶನಿವಾರಕ್ಕೆ ಏನೂ ಬರೆದಿಲ್ಲ. ಅವತ್ತು ನೀವೂ ಸ್ವಲ್ಪ ಮಲಗಿ.

ಸಂಜೆ ಅನ್ನ, ಬೇಳೆಕಟ್ಟು, ತುಪ್ಪ. ಕೊನೇ ತುತ್ತನ್ನು ಯಾವಾಗಲೂ ತಟ್ಟೆಯಲ್ಲೇ ಬಿಡುತ್ತಾಳೆ. ಆಗ ನಾನು "ಇದು ಯಾರ ತುತ್ತು?" ಅನ್ನುತ್ತೇನೆ. "ಅಮ್ಮನ ತುತ್ತು" ಎಂದು ತಾನೇ ಬಾಯಿ ತೆರೆಯುತ್ತಾಳೆ. ನೀವೂ ಹಾಗೇ ಕೇಳಿ.

ನಿಮ್ಮ
ತನುಜಾ


ಭದ್ರಾವತಿ
18-1-1998, ಭಾನುವಾರ

ಚಿರಂಜೀವಿ ತನುಜಾಳಿಗೆ ನಿನ್ನ ಸೋದರಮಾವ ಕೊಟ್ರಬಸಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ, ನಮ್ಮನ್ನು ಅಲ್ಲಾಡಿಸುವವರು ಇನ್ನೂ ಹುಟ್ಟಿಲ್ಲ.

ನಿನ್ನ ಪಟ್ಟಿ ಬಂತು. ಓದಿ ನಗು ಬಂತು. ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಕ್ರೇನ್ ಆಡಿಸಿದವನು ನಾನು. ಕುದಿಯುವ ಕಬ್ಬಿಣ ತುಂಬಿದ ಬಕೆಟ್ಟನ್ನು ಜನರ ತಲೆ ಮೇಲೆ ಸಾಗಿಸಿ ಒಂದು ಹನಿ ಚೆಲ್ಲದೆ ಸುರಿದ ಕೈ ಇದು. ಇದಕ್ಕೆ ರಾಗಿ ಸರಿ ಕಲಿಸುತ್ತೀಯಾ? ಹೊಳಲೂರು ಶಾಲೆಯಲ್ಲಿ ನನಗೆ ನಾಲ್ಕನೇ ಕ್ಲಾಸಿಗೇ ಸಾಕು ಅಂದರು. ಯಾಕೆ ಗೊತ್ತಾ? ಕಲಿಸಲು ಮೇಷ್ಟ್ರ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ನಿನ್ನ ಪಟ್ಟಿಯನ್ನು ಶಿಫ್ಟಿಗೆ ಹೊಂದಿಸಿದ್ದೇನೆ. ಬೆಳಗ್ಗೆ ಆರರ ಸೈರನ್ನಿಗೆ ಹಾಲು, ಎರಡರ ಸೈರನ್ನಿಗೆ ನಿದ್ದೆ. ಮೊದಲ ದಿನ ಸರಿ ಗಂಟಾದದ್ದು ನಿಜ, ಆದರೆ ಅದು ಹಿಟ್ಟಿನ ತಪ್ಪು. ಶುಕ್ರವಾರ ಎಣ್ಣೆ ಸ್ನಾನ ಮಾಡಿಸಿ ನಾನೇ ಜಡೆ ಹಾಕಿದೆ. ಪಕ್ಕದ ಮನೆ ಜಗದಾಂಬಾ ಇದ್ದಾಳಲ್ಲ, ನನ್ನ ಜೊತೆ ಕೆಲಸ ಮಾಡಿದ ಷಣ್ಮುಖಪ್ಪನ ಹೆಂಡತಿ, ಕಾಂಪೌಂಡಿನ ಮೇಲಿಂದ ಇಣುಕಿದಳು. "ಏನ್ ಕೊಟ್ರಬಸಣ್ಣ, ಜಡೆ ಹಾಕಿದ್ದೀರೋ, ಹಗ್ಗ ಹೊಸೆದಿದ್ದೀರೋ?" ಅಂದಳು. "ನೋಡಮ್ಮ, ಈ ಜಡೆ ಕಟ್ಟಿ ಹತ್ತು ಟನ್ ಎತ್ತಬಹುದು" ಅಂದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಂಥವರ ಸಹಾಯ ನನಗೆ ಬೇಕಿಲ್ಲ. ಎಲ್ಲ ನಾನೊಬ್ಬನೇ.

ಆದರೆ ಒಂದು ಮಾತು. ನೀನು ಹೇಳಿದ ಕೊನೇ ತುತ್ತಿಗೆ "ಅಮ್ಮನ ತುತ್ತು" ಅಂದವಳೇ ಬಾಯಿ ಮುಚ್ಚಿಬಿಡುತ್ತಾಳೆ. "ಅಮ್ಮ ಬರ್ಲಿ, ಅಮ್ಮನೇ ಕೊಡ್ಲಿ" ಅಂತ ಹಟ. ಸಂಜೆ ಹೊಸ್ತಿಲ ಮೇಲೆ ಕೂತು ರಸ್ತೆ ನೋಡುತ್ತಾಳೆ. ಕಲ್ಲೆದೆಯವನು ನಾನು, ನನಗೇ ನೋಡಲಾಗುವುದಿಲ್ಲ. ಬೇಗ ಗುಣವಾಗು ಮಾರಾಯ್ತಿ.

ನಿನ್ನ ಮಾವ
ಕೊಟ್ರಬಸಪ್ಪ


ಶಿವಮೊಗ್ಗ
23-1-1998, ಶುಕ್ರವಾರ

ಮಾವ, ನಮಸ್ಕಾರ.

ಇವತ್ತು ಹನ್ನೆರಡನೆಯ ಇಂಜೆಕ್ಷನ್ ಆಯಿತು. ತೂಕ ಸ್ವಲ್ಪ ಏರಿದೆ ಎಂದರು. ಪಕ್ಕದ ಮಂಚದ ತುಂಗಮ್ಮ ಮೊನ್ನೆ ಊರಿಗೆ ಹೋದರು. ಅವರ ಹಾಸಿಗೆಯನ್ನು ಹಿತ್ತಲಿಗೆ ಒಯ್ದು ಸುಟ್ಟರು. ಈಗ ಆ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತದೆ.

ನಿಮ್ಮ ಜಡೆಯ ಕಥೆ ಓದಿ ನಕ್ಕೆ. ನಕ್ಕದ್ದಕ್ಕೆ ಬಹಳ ಹೊತ್ತು ಕೆಮ್ಮಿದೆ, ಸಿಸ್ಟರ್ ಕಾಗದ ಕಿತ್ತಿಟ್ಟರು.

ಅವಳ ಊಟದ್ದೇ ಯೋಚನೆ. ಪಟ್ಟಿಯನ್ನು ಸ್ವಲ್ಪ ಬದಲಿಸಿ. ಸಂಜೆಯ ಊಟ ಆರಕ್ಕೇ ಮುಗಿಸಿ, ಬೆಳಕಿರುವಾಗ ಹಟ ಕಡಿಮೆ. ಬುಧವಾರ ಸೀಮೆಎಣ್ಣೆ ಸಾಲಿನಲ್ಲಿ ಸುಸ್ತಾಗಿರುತ್ತಾಳೆ, ಅವತ್ತು ಅನ್ನದ ಬದಲು ಅಕ್ಕಿತರಿ ಗಂಜಿ ಕೊಡಿ. ನನ್ನ ಟ್ರಂಕಿನಲ್ಲಿ ಹಸಿರು ಸೀರೆ ಇದೆ. ಅದನ್ನು ಕುದಿನೀರಿನಲ್ಲಿ ಒಗೆದೇ ಇಟ್ಟದ್ದು, ಭಯವಿಲ್ಲ. ನಾಲ್ಕು ಮಡಿಕೆ ಮಾಡಿ ಅವಳ ಕೆಳಗೆ ಹಾಸಿ. ಶನಿವಾರ ಖಾಲಿ ಬಿಟ್ಟದ್ದು ತಪ್ಪಾಯಿತು. ಖಾಲಿ ದಿನವೇ ಮಕ್ಕಳು ಅಮ್ಮನನ್ನು ಹುಡುಕುವುದು. ಶನಿವಾರ ಹೊಳೆ ತೋರಿಸಿಕೊಂಡು ಬನ್ನಿ.

ಕೊನೇ ತುತ್ತನ್ನು ತಿನ್ನುತ್ತಾಳೆಯೇ, ಅದನ್ನು ಮಾತ್ರ ತಪ್ಪದೆ ಬರೆಯಿರಿ.

ತನುಜಾ


ಭದ್ರಾವತಿ
31-1-1998, ಶನಿವಾರ

ಚಿ. ತನುಜಾಳಿಗೆ ಆಶೀರ್ವಾದ.

ನೋಡಿದೆಯಾ, ತುಂಗಮ್ಮ ವಾಸಿಯಾಗಿ ಊರಿಗೆ ಹೋದಳಲ್ಲ! ವಯಸ್ಸಾದವಳಿಗೇ ಗುಣವಾಯಿತು, ನೀನಿನ್ನೂ ಇಪ್ಪತ್ತೇಳರವಳು. ತೂಕವೂ ಏರಿದೆ ಅನ್ನುತ್ತೀಯ. ಒಂದು ಮಾತು ನೆನಪಿಟ್ಟುಕೋ, ನಮ್ಮ ಮನೆತನದ ಮೂಳೆ ಕಬ್ಬಿಣ. ತುಕ್ಕು ಹಿಡಿಯಬಹುದು, ಮುರಿಯುವುದಿಲ್ಲ.

ಪಟ್ಟಿ ಪ್ರಕಾರ ಎಲ್ಲ ನಡೆಯುತ್ತಿದೆ. ಮಂಗಳವಾರ ಹಾಸಿಗೆ ಬಿಸಿಲಿಗೆ ಹಾಕಿ ಕಾವಲಿಗೆ ನಾನೇ ಅದರ ಮೇಲೆ ಮಲಗಿದೆ. ಎದ್ದಾಗ ಮುಖದ ಒಂದು ಕಡೆ ಮಾತ್ರ ಕಪ್ಪಾಗಿತ್ತು. ಸೊಸೈಟಿ ಸಾಲಿನಲ್ಲಿ ಭೂತಪ್ಪ ಅಂತ ಒಬ್ಬ ಮುಂದೆ ನುಗ್ಗಿದ. "ಲೋ, ಮಗು ಇರೋದು ಕಾಣಲ್ವಾ?" ಅಂದೆ. "ಮಗು ಇದ್ರೆ ಹೆಂಗಸರನ್ನ ಕಳಿಸ್ರೀ" ಅಂದ. "ಈ ಮನೇಲಿ ಹೆಂಗಸೂ ನಾನೇ, ಗಂಡಸೂ ನಾನೇ, ಯಾರ ಕೈಲಿ ಒದೆ ತಿಂತೀಯ ಹೇಳು" ಅಂದೆ. ಸಾಲಿಗೆ ಸಾಲೇ ನಕ್ಕಿತು. ನನಗೇ ಮೊದಲು ಎಣ್ಣೆ.

ಮಗುವಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ನೀನು ಕೇಳಿದ್ದೀಯ. ಹಸಿರು ಸೀರೆ ಹಾಸಿದೆ. ಅದನ್ನು ಬಾಯಿಗೆ ತುರುಕಿಕೊಂಡು ಅಳುತ್ತಾಳೆ. ಗುರುವಾರ ಇಡೀ ದಿನ ಒಂದು ಅಗುಳೂ ಮುಟ್ಟಲಿಲ್ಲ. ಕಣ್ಣು ಒಳಗೆ ಹೋಗಿವೆ. "ಅಮ್ಮ ಯಾವಾಗ ಬರ್ತಾಳೆ ತಾತ?" ಅಂತ ಒಂದೇ ಪ್ರಶ್ನೆ. ಕರು ಕೂಗಿದರೆ ಹಸು ಹಗ್ಗ ಕಿತ್ತುಕೊಂಡಾದರೂ ಬರುತ್ತದೆ ಅಂತಿದ್ದಳು ನನ್ನವ್ವ. ಕರು ಕೂಗುತ್ತಿದೆ ತನು. ಧೈರ್ಯ ಬಿಡಬೇಡ, ಔಷಧಿ ನುಂಗು, ಹಟದಿಂದ ಗುಣವಾಗು.

ನಿನ್ನ ಮಾವ
ಕೊಟ್ರಬಸಪ್ಪ


ಶಿವಮೊಗ್ಗ
5-2-1998, ಗುರುವಾರ

ಮಾವ,

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಡಾಕ್ಟರ್ ಒಪ್ಪಿದ್ದಾರೆ. ಉಳಿದ ಇಂಜೆಕ್ಷನ್ನುಗಳನ್ನು ಭದ್ರಾವತಿಯಲ್ಲೇ ತೆಗೆದುಕೊಳ್ಳಬಹುದಂತೆ. ನಾನು ಮುಂದಿನ ಕೋಣೆಯಲ್ಲಿ ಬೇರೆ ಮಲಗುತ್ತೇನೆ, ಬಾಗಿಲಿನಿಂದ ನೋಡಿದರೂ ಅವಳು ಉಣ್ಣುತ್ತಾಳೆ. ಮುಂದಿನ ವಾರಕ್ಕೆ ಪಟ್ಟಿ ಬರೆದಿಲ್ಲ. ನಾನೇ ಇರುತ್ತೇನಲ್ಲ.

ತನುಜಾ


ಭದ್ರಾವತಿ
7-2-1998, ಶನಿವಾರ

ಚಿ. ತನುಜಾಳಿಗೆ ಆಶೀರ್ವಾದ.

ನಾನು ಹೇಳಿರಲಿಲ್ಲವಾ? ಅರವತ್ತು ದಿನದ ಕಾಯಿಲೆಯನ್ನು ಇಪ್ಪತ್ತೆಂಟಕ್ಕೇ ಓಡಿಸಿದೆ! ಡಾಕ್ಟರಿಗೇ ಆಶ್ಚರ್ಯವಾಗಿರಬೇಕು. ಕೊಟ್ರಬಸಪ್ಪನ ಸೊಸೆ ಅಂದರೆ ಸುಮ್ಮನೆಯಾ?

ಇನ್ನೊಂದು ಸೋಜಿಗ ಕೇಳು. ನೀನು ಬರುವ ಸುದ್ದಿ ಹೇಳಿದ್ದೇ ತಡ, ಮಗು ತಿನ್ನಲು ಶುರು ಮಾಡಿದೆ. ಒಂದೇ ದಿನಕ್ಕೆ ಕೆನ್ನೆ ಉಬ್ಬಿಕೊಂಡಿದೆ ಅಂದರೆ ನಂಬುತ್ತೀಯಾ? ನೀನು ಬಂದಾಗ "ಇವಳೇನಾ ಉಪವಾಸ ಇದ್ದವಳು" ಅಂತ ಗಾಬರಿಯಾಗಬೇಡ. ಎಲ್ಲ ನಿನ್ನ ಹೆಸರಿನ ಮಹಿಮೆ. ಜಗದಾಂಬಾ ಏನಾದರೂ ಹೇಳಿದರೆ ತಲೆಗೆ ಹಾಕಿಕೊಳ್ಳಬೇಡ, ಅವಳಿಗೆ ಬಾಯಿ ಜಾಸ್ತಿ.

ನಿನ್ನ ಮಾವ
ಕೊಟ್ರಬಸಪ್ಪ


ಶಿವಮೊಗ್ಗ
27-2-1998, ಶುಕ್ರವಾರ

ಮಾವ,

ನಿಮ್ಮ ಏಳನೆಯ ತಾರೀಖಿನ ಕಾಗದ ನಾನು ಇಲ್ಲಿಂದ ಹೊರಟ ಮೇಲೆ ಬಂದಿದೆ. ಸಿಸ್ಟರ್ ಎತ್ತಿಟ್ಟಿದ್ದರು. ಈಗ ಓದಿದೆ. ಮೊದಲೇ ಕೈಗೆ ಸಿಕ್ಕಿದ್ದರೆ ಬಹುಶಃ ಅರ್ಥವಾಗುತ್ತಿತ್ತು.

ಅಲ್ಲಿದ್ದ ಹದಿಮೂರು ದಿನ ಈ ಬಗ್ಗೆ ನೀವೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಈಗ ಬರೆಯುತ್ತೇನೆ. ಒಂದೇ ಸಲಕ್ಕೆ ಆಗುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಆ ಸೋಮವಾರ ಬಾಗಿಲಿಗೆ ಬಂದಾಗ ಸ್ಫೂರ್ತಿ ಜಗದಾಂಬಾರವರ ತೊಡೆಯ ಮೇಲೆ ಕೂತು ಊಟ ಮುಗಿಸಿದ್ದಳು. ತಟ್ಟೆ ಖಾಲಿಯಾಗಿತ್ತು. ನನ್ನನ್ನು ನೋಡಿ ಅವರ ಸೆರಗಿನೊಳಗೆ ಮುಖ ಇಟ್ಟಳು. "ಅಮ್ಮ ಕಣೇ, ಅಮ್ಮ" ಎಂದು ನೀವು ತಳ್ಳಿದಿರಿ. ನಾನೇ ಬೇಡ ಎಂದೆ. ಎರಡು ದಿನ ಕಳೆದ ಮೇಲೆ ಗೋಡೆಯಾಚೆ ಅವಳು ಕೇಳುತ್ತಿದ್ದಳು: "ಅವ್ವ, ಕೆಮ್ಮೋರು ಇನ್ನೂ ಹೋಗಿಲ್ವಾ?" ಜಗದಾಂಬಾರವರನ್ನು ಅವಳು ಅವ್ವ ಎನ್ನುತ್ತಾಳೆ ಎಂದು ನನಗೆ ಗೊತ್ತಾದದ್ದು ಹಾಗೆ.

ನಾನೂ ಸುಳ್ಳು ಹೇಳಿದ್ದೇನೆ. ಡಾಕ್ಟರ್ ಒಪ್ಪಿರಲಿಲ್ಲ. ನನ್ನ ಇಷ್ಟದಿಂದ ಹೋಗುತ್ತಿದ್ದೇನೆ, ಏನಾದರೂ ಆದರೆ ನಾನೇ ಹೊಣೆ ಎಂದು ಸಹಿ ಮಾಡಿ ಬಂದೆ. ಅಲ್ಲಿ ದಿನಾ ಇಂಜೆಕ್ಷನ್ನಿಗೆ ಎಂದು ಹೊರಟವಳು ತಿರುವಿನ ಕಟ್ಟೆಯ ಮೇಲೆ ಕೂತು ವಾಪಸಾಗುತ್ತಿದ್ದೆ. ಅಷ್ಟು ದೂರ ನಡೆಯಲು ಉಸಿರಿರಲಿಲ್ಲ. ಹೇಳಿದರೆ ನೀವು ಹೊತ್ತುಕೊಂಡಾದರೂ ಹೋಗುತ್ತಿದ್ದಿರಿ. ಹೊತ್ತು ತಂದರೆ ಈ ಕೆಮ್ಮು ನಿಮಗೆ ಹತ್ತಿ ಅವಳಿಗೆ ಹತ್ತುತ್ತದೆ ಎಂದು ಹೆದರಿದೆ. ತೂಕ ಏರಿತ್ತು ಎಂದದ್ದೂ ಸುಳ್ಳು. ತುಂಗಮ್ಮ ಊರಿಗೆ ಹೋಗಲಿಲ್ಲ ಮಾವ. ಅವರು ಸತ್ತರು.

ಕೆಮ್ಮಿನಲ್ಲಿ ರಕ್ತ ಬಿದ್ದಮೇಲೆ ನೀವು ಕರೆತಂದು ಬಿಟ್ಟಿರಲ್ಲ, ಅವತ್ತಿನಿಂದ ಔಷಧಿ ಬದಲಿಸಿದ್ದಾರೆ. ಹಳೆಯದು ಇನ್ನು ಹಿಡಿಯುವುದಿಲ್ಲವಂತೆ. ಹೊಸದರ ಮೇಲೆ ಅವರಿಗೇ ನಂಬಿಕೆ ಇದ್ದಂತಿಲ್ಲ.

ಯಾಕೆ ಹಾಗೆ ಬರೆದಿರಿ ಎಂದು ಕೇಳುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಒಂದು ವಾರ ಹೇಗಿತ್ತೋ ಹಾಗೆ ಬರೆದು ಕಳಿಸಿ. ಸೋಮವಾರದಿಂದ ಭಾನುವಾರದವರೆಗೆ, ನನ್ನನ್ನು ಸೇರಿಸದೆ. ನಾನಿಲ್ಲದೆ ಅವಳ ವಾರ ನಡೆಯುತ್ತದೆ ಎಂದು ತಿಳಿದರೆ ನಾನು ನಿದ್ದೆ ಮಾಡುತ್ತೇನೆ.

ತನುಜಾ


ಭದ್ರಾವತಿ
8-3-1998, ಭಾನುವಾರ

ತನು,

ಈ ಕಾಗದವನ್ನು ಮೂರು ಸಲ ಹರಿದು ಹಾಕಿದ್ದೇನೆ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿನ್ನವ್ವ ಕಲ್ಲಮ್ಮ ಜ್ವರದಲ್ಲಿ ಮಲಗಿದ್ದಾಗ ನೀನು ನನ್ನ ಹತ್ತಿರ ಇದ್ದೆ, ಐದು ವರ್ಷದವಳು. ಅಕ್ಕನಿಗೆ ಸಮಾಧಾನವಾಗಲಿ ಅಂತ ಹೋಗಿ ಹೇಳಿದೆ. "ಅಕ್ಕ, ತನು ಆಡ್ಕೊಂಡಿದ್ದಾಳೆ, ನಿನ್ನ ಕೇಳೋದೇ ಇಲ್ಲ." ಅಕ್ಕ "ಹಂಗಾದ್ರೆ ಸರಿ ಬಿಡು" ಅಂದು ಗೋಡೆ ಕಡೆ ತಿರುಗಿದಳು. ಮೂರನೇ ದಿನ ಹೋದಳು. ಅವತ್ತಿನಿಂದ ಈ ಭಯ ಕೂತಿತ್ತು. ಮಗು ಅಳುತ್ತಿದೆ ಅಂದರೆ ನೀನು ಗೋಡೆ ಕಡೆ ತಿರುಗುವುದಿಲ್ಲ ಅಂದುಕೊಂಡೆ. ಕರು ಕೂಗಿದರೆ ಹಸು ಹಗ್ಗ ಕಿತ್ತುಕೊಂಡು ಬರುತ್ತದೆ ಅಂತ ನಾನೇ ಬರೆದೆ. ಕಿತ್ತುಕೊಂಡು ಬರುವಾಗ ಹಸುವಿನ ಕೊರಳು ಏನಾಗುತ್ತದೆ ಅಂತ ಯೋಚಿಸಲಿಲ್ಲ.

ಈಗ ವಾರ.

ಸೋಮವಾರ ಸರಿ ಮಾಡಿದ್ದು ಜಗದಾಂಬಾ. ಮೊದಲ ವಾರದಿಂದಲೂ ಅವಳೇ. ನಾನು ಮಾಡಿದ ಸರಿಯನ್ನು ಸ್ಫೂರ್ತಿ ಒಂದೇ ದಿನ ತಿಂದದ್ದು, ಅದನ್ನೂ ಕಕ್ಕಿದಳು. ಬಟ್ಟೆ ನಾನು ಒಗೆಯುತ್ತೇನೆ, ಅದು ಸುಳ್ಳಲ್ಲ.

ಮಂಗಳವಾರ ಹಾಸಿಗೆ ಬಿಸಿಲಿಗೆ ಹಾಕಿದೆ. ನಿನ್ನ ಹಸಿರು ಸೀರೆಯನ್ನೂ ಹಾಕಿದೆ. ಅದನ್ನು ಅವಳು ಬಾಯಿಗೆ ತುರುಕಿಕೊಂಡು ಅತ್ತಿದ್ದಿಲ್ಲ. ಅದು ಇಲ್ಲದಿದ್ದರೂ ಮಲಗುತ್ತಾಳೆ.

ಬುಧವಾರ ಸೀಮೆಎಣ್ಣೆಗೆ ನಾನೊಬ್ಬನೇ ಹೋದೆ. ಅವಳು ಜಗದಾಂಬಾಳ ಹಿತ್ತಲಲ್ಲಿ ಕೋಳಿಮರಿ ಹಿಂದೆ ಓಡುತ್ತಿದ್ದಳು. ನಾನು ಬಂದದ್ದನ್ನು ನೋಡಲಿಲ್ಲ. ನನ್ನನ್ನೂ ಅಷ್ಟೇನೂ ಹುಡುಕುವುದಿಲ್ಲ ತನು. ಅದೂ ನಿಜ, ಬರೆದುಬಿಟ್ಟೆ.

ಗುರುವಾರ ಬಿದ್ದು ಮೊಣಕಾಲು ತರಚಿತು. ಅಳುವಾಗ "ಅವ್ವ" ಅಂದಳು. ನಿನ್ನನ್ನಲ್ಲ.

ಶುಕ್ರವಾರ ಎಣ್ಣೆ ಸ್ನಾನ, ಕಡಲೆಹಿಟ್ಟು. ಸೋಪು ಹಾಕಲಿಲ್ಲ. ಜಡೆ ಜಗದಾಂಬಾ ಹಾಕಿದಳು. ಚೆನ್ನಾಗಿ ಬಂತು.

ಶನಿವಾರ ಹೊಳೆಗೆ ಹೋದೆವು. ಒಂದು ಹೆಂಗಸು ಕೆಮ್ಮುತ್ತಾ ಹೋಯಿತು. ಸ್ಫೂರ್ತಿ ನಿಂತು ನೋಡಿದಳು. ಏನೂ ಕೇಳಲಿಲ್ಲ. ಆಮೇಲೆ ಕಲ್ಲು ಎಸೆಯಲು ಹೋದಳು. ಅದು ನಿನ್ನ ನೆನಪೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಬರೆಯಲಾರೆ.

ಇವತ್ತು ಉಗುರು ಕತ್ತರಿಸಿದೆ.

ಕೊನೇ ತುತ್ತು. ಬಂದ ಮೊದಲ ವಾರ "ಅಮ್ಮನ ತುತ್ತು" ಅಂದು ತಿಂದಳು, ಬಾಯಿ ಮುಚ್ಚಲಿಲ್ಲ. ಎರಡನೇ ವಾರ "ಅವ್ವನ ತುತ್ತು" ಆಯಿತು. ಈಗ ನಾನು ಕೇಳುವ ಮೊದಲೇ ತಾನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ನಾನು ಕೇಳುವುದನ್ನೇ ಬಿಟ್ಟಿದ್ದೇನೆ.

ಇಷ್ಟೇ. ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ. ಗೋಡೆ ಕಡೆ ತಿರುಗಬೇಡ ಅಂತ ಕೇಳಿಕೊಳ್ಳಲು ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಕೊಟ್ರಬಸಪ್ಪ


ಶಿವಮೊಗ್ಗ
10-3-1998, ಮಂಗಳವಾರ

ಮಾವ,

ಇದನ್ನು ಸಿಸ್ಟರ್ ಬರೆಯುತ್ತಿದ್ದಾರೆ, ನಾನು ಹೇಳುತ್ತಿದ್ದೇನೆ. ಕಾಗದ ಇವತ್ತು ಬಂತು. ಎರಡು ಸಲ ಓದಿಸಿಕೊಂಡೆ, ಗುರುವಾರದ್ದನ್ನು ಮೂರು ಸಲ. ಬಿದ್ದಾಗ ಕರೆಯಲು ಅವಳಿಗೆ ಒಂದು ಹೆಸರಿದೆ.

ಈ ಕಾಗದವನ್ನು ನಂಬಿದೆ. ನಿಮ್ಮ ಸರಿ ಕಕ್ಕಿದಳು ಎಂದದ್ದನ್ನು ಎಲ್ಲಕ್ಕಿಂತ ಹೆಚ್ಚು ನಂಬಿದೆ. ನಗಲು ಹೋದೆ, ಆಗಲಿಲ್ಲ.

ಕೊನೇ ತುತ್ತು ಯಾರದು ಎಂದು ಕೇಳುವುದನ್ನು ಬಿಡಬೇಡಿ. ಉತ್ತರ ಏನಾದರೂ ಆಗಲಿ. ಯಾರಾದರೂ ಕೇಳುತ್ತಿರಬೇಕು.

ಮುಂದಿನ ವಾರದ ಪಟ್ಟಿಯನ್ನು ನೀವೇ ಬರೆದುಕೊಳ್ಳಿ. ನಿಮಗೀಗ ಬರುತ್ತದೆ.

ತನುಜಾ


ಭದ್ರಾವತಿ
12-3-1998, ಗುರುವಾರ
(ಅಡುಗೆಮನೆ ಬಾಗಿಲಿಗೆ)

ತಂಗಿ ಜಗದಾಂಬಾಳಿಗೆ,

ನೀನು ಸ್ಫೂರ್ತಿಯನ್ನು ಎತ್ತಿಕೊಂಡು ಗಿರಣಿಗೆ ಹೋಗಿದ್ದೀಯ. ಕಾಯಲು ಹೊತ್ತಿಲ್ಲ, ಹನ್ನೊಂದರ ಬಸ್ಸಿಗೆ ಹೊರಟಿದ್ದೇನೆ. ಆಸ್ಪತ್ರೆಯಿಂದ ಜಟ್ಟಪ್ಪ ಅನ್ನುವ ಆಳು ಬಂದಿದ್ದ. ಬೆಳಗ್ಗೆ ಆರಕ್ಕಂತೆ. ಮೊದಲು ಲೆಕ್ಕ ಹಾಕಿದ ಪ್ರಕಾರ ಇವತ್ತು ತನು ಮನೆಗೆ ಬರಬೇಕಾದ ದಿನ.

ಹೊಳಲೂರಿಗೆ ಒಯ್ದು ಅಕ್ಕ ಕಲ್ಲಮ್ಮನ ಪಕ್ಕ ಮಣ್ಣು ಮಾಡುತ್ತೇವೆ. ಮಗುವನ್ನು ಕರೆತರಬೇಡ.

ಬಟ್ಟೆ ಒಗೆದು ಹಾಕಿದ್ದೇನೆ, ಬಿಸಿಲು ಇಳಿಯುವ ಮೊದಲು ತೆಗೆ. ನಾಳೆ ಶುಕ್ರವಾರ ಎಣ್ಣೆ ಸ್ನಾನ. ಸಾವಿನ ಮನೆ ಅಂತ ತಪ್ಪಿಸಬೇಡ, ನಮ್ಮಲ್ಲಿ ಸೂತಕವಿಲ್ಲ. ಕಡಲೆಹಿಟ್ಟು ಡಬ್ಬಿಯ ತಳದಲ್ಲಿದೆ. ಶನಿವಾರ ಸಂಜೆಗೆ ನಾನು ಬಂದು ಹೊಳೆಗೆ ಕರೆದುಕೊಂಡು ಹೋಗುತ್ತೇನೆ. ಭಾನುವಾರದ ಉಗುರು ನನ್ನದು. ಆಮೇಲಿನದನ್ನು ಬಂದು ಬರೆಯುತ್ತೇನೆ.

ಅಮ್ಮನ ವಿಷಯ ಅವಳು ಕೇಳುವುದಿಲ್ಲ. ಕೇಳಿದರೆ ಬರ್ತಾಳೆ ಅನ್ನಬೇಡ.

ಇವತ್ತು ಸಂಜೆ ಕೊನೇ ತುತ್ತಿಗೆ ಅವಳ ಕೈ ಹಿಡಿದುಕೊಂಡು, "ಇದು ಯಾರ ತುತ್ತು?" ಅಂತ ಕೇಳು. ಅವಳು ಏನು ಹೇಳುತ್ತಾಳೋ ಅದನ್ನು ನಾನು ಬಂದಾಗ ಹಾಗೇ ಹೇಳು ತಂಗಿ. ನನಗೆ ಸಮಾಧಾನವಾಗಲಿ ಅಂತ ಒಂದು ಅಕ್ಷರವನ್ನೂ ಸೇರಿಸಬೇಡ.

ಕೊಟ್ರಬಸಪ್ಪ